ಅಜ್ಜಿಯ ಪ್ಲೇಯರಿಗೊಬ್ಬ ಮಹಿಷಾಸುರ

ದಕ್ಷಿಣ ಕನ್ನಡದ ಒಂದು ಪೇಟೆ. ಮಾಳಿಗೆಯ ಮೇಲೊಂದು ಸ್ಟುಡಿಯೋ. ಅದನ್ನು ನಡೆಸುವವರು ವಿಎಚ್‌ಎಸ್ ಕ್ಯಾಮೆರಾ ಹೆಗಲ ಮೇಲೆ ಹೊತ್ತ ಕಾಲದಿಂದ ಮದುವೆ, ಉಪನಯನ, ಯಕ್ಷಗಾನದ ಆಟ ಎಲ್ಲವನ್ನೂ ತೆಗೆದವರು. ಕೇಳಿಕೊಂಡು ಬಂದವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಹುಡುಗಿ. ಡಿಸ್ಕ್ ಬೇಕು ಎನ್ನುವವರು ಹಿರಿಯರು, ಅದೆಲ್ಲ ಈಗ ಯಾರಿಗೆ ಎನ್ನುವವರು ಕಿರಿಯರು ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಅಡಿಮೇಲು. ಡಿಸ್ಕ್ ಬೇಕೆಂದವಳು ಹುಡುಗಿ. ಬೇಡವೆಂದು ಹಟ ಹಿಡಿದವರು ಸಾವಿರಗಟ್ಟಲೆ ಡಿಸ್ಕ್ ರೈಟ್ ಮಾಡಿ ಕೈ ಸೋತವರು.

ಸ್ಟುಡಿಯೋದವರು: ಡಿವಿಡಿಯಾ? ತಮಾಷೆ ಮಾಡುದಲ್ಲ ತಾನೇ? ಒಂದು ಪೆನ್‌ಡ್ರೈವ್ ಕೊಡು. ಊಟ ಮಾಡಿ ಬರುವಷ್ಟರಲ್ಲಿ ಕಾಪಿ ಆಗಿರ್ತದೆ.

ಹುಡುಗಿ: ಪೆನ್‌ಡ್ರೈವ್ ಸಾಕಾಗ್ತಿದ್ರೆ ನಾನೇ ಮಾಡ್ತಿದ್ದೆ ಮಾವ, ನಿಮ್ಮಲ್ಲಿಗೆ ಹತ್ತಿ ಬರ್ತಿರ್ಲಿಲ್ಲ. ಅಜ್ಜಿಗೆ ಬೇಕಾದದ್ದು ಡಿಸ್ಕ್. ನಮ್ಮ ಮನೆಯ ಹರಕೆಯ ಆಟದ್ದು, ದೇವಿ ಮಹಾತ್ಮೆ. ರಾತ್ರಿ ಇಡೀ ಆದದ್ದು ಎಂಟು ಗಂಟೆಯ ರೆಕಾರ್ಡಿಂಗ್ ಉಂಟು ಈ ಹಾರ್ಡ್‌ಡಿಸ್ಕಿನಲ್ಲಿ.

ಸ್ಟುಡಿಯೋದವರು: ಫೈಲ್ ಎಷ್ಟು ದೊಡ್ಡದು?

ಹುಡುಗಿ: ಎಲ್ಲ ಸೇರಿ 86 ಜಿಬಿ.

ಸ್ಟುಡಿಯೋದವರು: ಅಂದ್ರೆ ಸೆಕೆಂಡಿಗೆ 24 ಮೆಗಾಬಿಟ್‌ನಲ್ಲಿ ತೆಗೆದದ್ದು. ಒಳ್ಳೆಯ ಕ್ಯಾಮೆರಾ. ಅದನ್ನು ಒಂದೊಂದು 4.7 ಜಿಬಿಯ ತಟ್ಟೆಗೆ ತುರುಕ್ಲಿಕ್ಕೆ ಹೇಳ್ತಿ. ನಿಮ್ಮ ಅಜ್ಜಿಯ ಡಿವಿಡಿ ಪ್ಲೇಯರಿನ ಮುಂದೆ ಯುಎಸ್‌ಬಿ ತೂತು ಇಲ್ವಾ?

ಹುಡುಗಿ: ಉಂಟು. ಅದಕ್ಕೆ ಹಾಕಿ ನೋಡಿಯೂ ಆಯ್ತು. ಪಾಪ, ಫೋಟೋ ತೋರಿಸ್ತದೆ, ಎಂಪಿ3 ಹಾಡ್ತದೆ. ವಿಡಿಯೋ ಆದ್ರೆ ಡಿವ್‌ಎಕ್ಸ್, ಎಕ್ಸ್‌ವಿಡ್ ಕಾಲದ ಎವಿಐ ಮಾತ್ರ. ಈ ಕ್ಯಾಮೆರಾದ್ದು ಎಚ್.264. ಆ ಪ್ಲೇಯರಿನ ಚಿಪ್ಪಿಗೆ ಅದರ ತಲೆಬುಡ ಗೊತ್ತಿಲ್ಲ.

ಸ್ಟುಡಿಯೋದವರು: ಹಾಗಾದ್ರೆ ಎಕ್ಸ್‌ವಿಡ್ ಮಾಡಿಯೇ ಪೆನ್‌ಡ್ರೈವಿಗೆ ಹಾಕುವ. ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡ್ಬೇಕು, ಒಂದು ಫೈಲ್ 4 ಜಿಬಿ ದಾಟ್ಬಾರದು. ಆರೇಳು ತುಂಡು ಮಾಡಿದ್ರೆ ಮುಗೀತು. ಎಲ್ಲ ಒಂದರಲ್ಲೇ ಇರ್ತದೆ, ಡಿಸ್ಕ್ ಬದಲಿಸುವ ರಗಳೆ ಇಲ್ಲ.

ಹುಡುಗಿ: ಆಮೇಲೆ ಟಿವಿಯಲ್ಲಿ ಎಂತ ಕಾಣ್ತದೆ ಹೇಳಿ. ಒಂದು ಪಟ್ಟಿ. ಇಂಗ್ಲಿಷ್ ಅಕ್ಷರ, ಅದೂ ಅರ್ಧಕ್ಕೆ ತುಂಡಾದದ್ದು. ಫೈಲಿಗೆ ಕನ್ನಡದಲ್ಲಿ ಹೆಸರಿಟ್ರೆ ಬರೀ ಚೌಕ ಚೌಕ. ಅಜ್ಜಿ ಓದುದು ಕನ್ನಡ ಒಂದೇ. ಡಿಸ್ಕ್ ಆದ್ರೆ ನೀವು ಮೆನು ಮಾಡಿ ಕೊಡ್ತೀರಿ. ಮೆನು ಅಂದ್ರೆ ಪ್ಲೇಯರಿಗೆ ಒಂದು ಚಿತ್ರ. ಅದರ ಮೇಲೆ ಬರೆದದ್ದು ಯಾವ ಭಾಷೆ ಅಂತ ಅದಕ್ಕೆ ಗೊತ್ತಾಗ್ಬೇಕಾಗಿಲ್ಲ. ‘ಮಧು ಕೈಟಭರು’, ‘ಮಹಿಷಾಸುರ’, ‘ರಕ್ತಬೀಜ’ ಅಂತ ದಪ್ಪ ಅಕ್ಷರದಲ್ಲಿ ಬರೆದ್ರೆ ಬಾಣದ ಬಟನ್ ಒತ್ತಿ ತನಗೆ ಬೇಕಾದಲ್ಲಿಗೆ ಹೋಗ್ತಾರೆ.

ಸ್ಟುಡಿಯೋದವರು: ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮೆನುವಿನಲ್ಲಿ ಕನ್ನಡ ಬರೆದು ಕೊಟ್ಟದ್ದಕ್ಕೆ ಜನ ಆಗ ಇಪ್ಪತ್ತು ರೂಪಾಯಿ ಜಾಸ್ತಿ ಕೊಡ್ತಿದ್ರು. ಆದ್ರೆ ಚಿತ್ರಕ್ಕೆ ನೀನು ಮಾಡುವ ಅನ್ಯಾಯ ನಿನಗೆ ಗೊತ್ತುಂಟಾ? ಕ್ಯಾಮೆರಾ ಕೊಟ್ಟದ್ದು 1920ಕ್ಕೆ 1080 ಚುಕ್ಕೆ. ಡಿವಿಡಿ ತೆಗೊಳ್ಳುದು 720ಕ್ಕೆ 576. ಗುಣಿಸಿ ನೋಡು. ಸರೀ ಐದನೇ ಒಂದು ಪಾಲು. ದುಡ್ಡು ಕೊಟ್ಟು ಐದರಲ್ಲಿ ನಾಲ್ಕು ಚುಕ್ಕೆ ಬಿಸಾಡ್ಲಿಕ್ಕೆ ಬಂದಿದ್ದಿ.

ಹುಡುಗಿ: ಅಜ್ಜಿಯ ಟಿವಿ ಪಿಕ್ಚರ್ ಟ್ಯೂಬಿನದ್ದು ಮಾವ. ಅದು ತೋರಿಸುದೇ ಅಷ್ಟು. ಅದರ ಗಾಜಿನ ಆಚೆ ಇನ್ನೂ ನಾಲ್ಕು ಪಾಲು ಇಟ್ಟುಕೊಂಡು ಎಂತ ಮಾಡುದು?

ಸ್ಟುಡಿಯೋದವರು: ಚುಕ್ಕೆಯ ಕತೆ ಬಿಡು, ಅದಕ್ಕಿಂತ ದೊಡ್ಡದು ಬಿಟ್‌ರೇಟ್. ಒಂದು ಡಿಸ್ಕಿಗೆ ಒಂದು ಗಂಟೆ ಹಾಕಿದ್ರೆ ಸೆಕೆಂಡಿಗೆ ಹತ್ತು ಮೆಗಾಬಿಟ್ ಸಿಗ್ತದೆ. ಎರಡು ಗಂಟೆ ಹಾಕಿದ್ರೆ ಐದು ಚಿಲ್ಲರೆ. ನಾಲ್ಕು ಗಂಟೆ ಹಾಕಿದ್ರೆ ಎರಡೂವರೆ. ಪಂಕ್ತಿ ಉದ್ದ ಆದ ಹಾಗೆ ಎಲೆಗೆ ಬೀಳುವ ಪಾಯಸ ಕಡಿಮೆ. ಮದುವೆ ಮಂಟಪದಲ್ಲಿ ಎಲ್ಲರೂ ಕೂತಿರ್ತಾರೆ, ಎರಡೂವರೆಯಲ್ಲಿಯೂ ಹೇಗೋ ಸುಧಾರಿಸ್ತದೆ. ಆದ್ರೆ ಆಟ? ಧಿಗಿಣ ಹೊಡೆಯುವ ವೇಷ, ಕೆಂಪು ಬಟ್ಟೆ, ಹೊಳೆಯುವ ಭುಜಕೀರ್ತಿ, ಮೇಲಿಂದ ರಾಳದ ಬೆಂಕಿ, ಹೊಗೆ. ಎಂಪೆಗ್2ಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಹಿಂದಿನ ಚಿತ್ರಕ್ಕೂ ಈಗಿನದ್ದಕ್ಕೂ ಎಂತ ವ್ಯತ್ಯಾಸ ಅಂತ ಅದು ಬರೆದುಕೊಳ್ಳುದು. ಎಲ್ಲವೂ ಒಟ್ಟಿಗೇ ಬದಲಾದ್ರೆ ಕೈ ಎತ್ತಿಬಿಡ್ತದೆ, ದೇವಿಯ ಮುಖದ ಮೇಲೆ ಚೌಕ ಚೌಕ ಏಳ್ತದೆ.

ಹುಡುಗಿ: ಅದಕ್ಕೇ ಎರಡು ಸುತ್ತಿನ ಎನ್‌ಕೋಡಿಂಗ್ ಇರುದಲ್ವಾ? ಮೊದಲ ಸುತ್ತಿನಲ್ಲಿ ಎಲ್ಲೆಲ್ಲಿ ಕಷ್ಟ ಉಂಟು ಅಂತ ನೋಡ್ತದೆ, ಎರಡನೇ ಸುತ್ತಿನಲ್ಲಿ ಅಲ್ಲಿಗೆ ಜಾಸ್ತಿ ಕೊಡ್ತದೆ. ಅರ್ಥ ಹೇಳುವಾಗ ವೇಷ ನಿಂತಲ್ಲೇ ನಿಂತಿರ್ತದೆ, ಹಿಂದಿನ ಪರದೆ ಅಲುಗಾಡುದಿಲ್ಲ. ಬ್ರಹ್ಮ ವಿಷ್ಣುವಿನ ಮಾತುಕತೆಯಲ್ಲಿ ಉಳಿಸಿದ್ದನ್ನು ಮಹಿಷಾಸುರನಿಗೆ ಕೊಡ್ಲಿ.

ಸ್ಟುಡಿಯೋದವರು: ಎಷ್ಟು ಕೊಡ್ತದೆ? ಡಿವಿಡಿಯ ನಿಯಮದಲ್ಲಿ ಚಿತ್ರಕ್ಕೆ 9.8 ಮೆಗಾಬಿಟ್‌ಗಿಂತ ಜಾಸ್ತಿ ಇಲ್ಲ. ನಾವು ರೈಟ್ ಮಾಡಿದ ಡಿಸ್ಕಿನಲ್ಲಿ ಅಷ್ಟು ಮೇಲೆ ಹೋದ್ರೆ ಹಳೇ ಪ್ಲೇಯರ್ ಮುಗ್ಗರಿಸ್ತದೆ. ನಾನು ಎಂಟಕ್ಕೇ ನಿಲ್ಲಿಸುದು.

ಹುಡುಗಿ: ಎಂಟು ಧಾರಾಳ ಆಯ್ತು.

ಸ್ಟುಡಿಯೋದವರು: ಧಾರಾಳ ಅಂತ ನೀನು ಈಗ ಹೇಳ್ತಿ. ನಾಳೆ ನಿನ್ನ ಮಾವನ ಮಗ ದೊಡ್ಡ ಎಲ್‌ಇಡಿ ಟಿವಿಗೆ ಇದೇ ಡಿಸ್ಕ್ ಹಾಕಿ, ಸ್ಟುಡಿಯೋದವನಿಗೆ ಕೆಲಸ ಬರುದಿಲ್ಲ ಅಂತಾನೆ. ದೂರು ಬರುದು ಮನೆಯ ಯಜಮಾನರಿಂದ ಅಲ್ಲ, ಯಾವಾಗಲೂ ಮಾವನ ಮಗನಿಂದ.

ಈ ಕಸುಬಿನವರಿಗೆ ಇಂಥ ದೂರು ಹೊಸತಲ್ಲ. 1993ರಲ್ಲಿ ವಿಸಿಡಿಯ ಮಾನದಂಡ ರೂಪುಗೊಂಡಾಗ ಅದಕ್ಕೆ ಸಿಕ್ಕದ್ದು 352ಕ್ಕೆ 288 ಚುಕ್ಕೆ, ಒಂದು ಡಿಸ್ಕಿಗೆ 74 ನಿಮಿಷ. ಅಹೋರಾತ್ರಿ ಆಟಕ್ಕೆ ಏಳು ಡಿಸ್ಕ್ ಬೇಕಾಗುತ್ತಿತ್ತು, ಭಾಗವತರ ಪದ್ಯ ಅರ್ಧಕ್ಕೆ ನಿಂತು ಮುಂದಿನ ಡಿಸ್ಕಿನಲ್ಲಿ ಮುಂದುವರಿಯುತ್ತಿತ್ತು. ಆದರೂ ಕ್ಯಾಸೆಟ್ಟಿನ ಹಾಗೆ ಟೇಪ್ ಸಿಕ್ಕಿಬೀಳುವುದಿಲ್ಲ, ಹಿಂದಕ್ಕೆ ಸುತ್ತಬೇಕಾಗಿಲ್ಲ ಎಂದು ಜನ ಒಪ್ಪಿಕೊಂಡರು. 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿ ನಮ್ಮ ಪೇಟೆಗಳ ತನಕ ಇಳಿದದ್ದು ಪ್ಲೇಯರ್ ಅಗ್ಗವಾದ ಮೇಲೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪೆನಿ ಸಿನಿಮಾದ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಅಂಗಡಿಗಳಲ್ಲಿ ನೇತುಹಾಕಿತು. ಪ್ಲೇಯರ್ ಇಲ್ಲದ ಮನೆ ಕಡಿಮೆಯಾದದ್ದು ಆಗ. ಆ ಕಂಪೆನಿಯನ್ನು ಮುಚ್ಚಿ ಆಸ್ತಿ ಮಾರಬೇಕೆಂದು ನ್ಯಾಯಮಂಡಳಿ ಆದೇಶಿಸಿದ್ದು 2018ರಲ್ಲಿ. ಮನೆಗಳಲ್ಲಿ ಪ್ಲೇಯರ್ ಮಾತ್ರ ಉಳಿಯಿತು, ಟಿವಿಯ ಕೆಳಗೆ, ಮೇಲೊಂದು ಕ್ರೋಶಾ ಬಟ್ಟೆ ಹೊದ್ದುಕೊಂಡು.

ಸ್ಟುಡಿಯೋದವರು: ನಿಜ ಹೇಳ್ಬೇಕಾದ್ರೆ ನನಗೆ ಡಿಸ್ಕಿನ ಮೇಲೆ ಸಿಟ್ಟಿಲ್ಲ. ಅದರ ಸುತ್ತ ಇರುವುದೆಲ್ಲ ಒಂದೊಂದಾಗಿ ಹೋಯ್ತು. ವಿಂಡೋಸ್ 7ರಲ್ಲಿ ಡಿವಿಡಿ ಮೇಕರ್ ಅಂತ ಒಂದು ಇತ್ತು, 8ರಲ್ಲಿ ಅದನ್ನು ತೆಗೆದ್ರು. ನಾನು ಮೆನು ಮಾಡ್ತಿದ್ದದ್ದು ಅಡೋಬಿಯ ಎನ್‌ಕೋರ್‌ನಲ್ಲಿ. ಸಿಎಸ್6ರ ನಂತರ ಅದೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಡ್ರೈವೇ ಇಲ್ಲ. 2025ರಲ್ಲಿ ಸೋನಿಯವರು ಖಾಲಿ ಬ್ಲೂರೇ ಡಿಸ್ಕ್ ಮಾಡುದನ್ನು ನಿಲ್ಲಿಸಿದ್ರು. ಮುಳುಗುವ ದೋಣಿಗೆ ನಿನ್ನ ಅಜ್ಜಿಯನ್ನು ಹತ್ತಿಸ್ಬೇಡ.

ಹುಡುಗಿ: ಡಿವಿಡಿಸ್ಟೈಲರ್ ಪುಕ್ಕಟೆ ಸಿಗ್ತದೆ, ಎಫ್‌ಎಫ್‌ಎಂಪೆಗ್‌ನಲ್ಲಿ ಒಂದು ಸಾಲು ಬರೆದ್ರೆ ನಮ್ಮ ಟಿವಿಗಳ ಪಾಲ್ ಮಾದರಿಯ ಡಿವಿಡಿಗೆ ಬೇಕಾದ ಹಾಗೆ ಫೈಲ್ ಮಾಡಿ ಕೊಡ್ತದೆ. ಹೊರಗಿಂದ ಸಿಕ್ಕಿಸುವ ರೈಟರ್ ಈಗಲೂ ಮಾರ್ತಾರೆ.

ಸ್ಟುಡಿಯೋದವರು: ಇಷ್ಟು ಗೊತ್ತಿದ್ದು ನೀನೇ ಯಾಕೆ ಮಾಡ್ಲಿಲ್ಲ?

ಹುಡುಗಿ: ಮಾಡಿದೆ. ಒಂದು ಡಿಸ್ಕ್ ಮಾಡಿದೆ. ಅಜ್ಜಿಯ ಪ್ಲೇಯರಿನಲ್ಲಿ ಓಡಿತು ಕೂಡ. ಆದ್ರೆ ಭಾಗವತರು ಕೈ ಎತ್ತಿದಾಗ ಬೆರಳೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ ಕಾಣ್ತಿತ್ತು. ಎಲ್ಲರ ಮುಖ ಉದ್ದ ಆಗಿತ್ತು.

ಸ್ಟುಡಿಯೋದವರು: ಹ್ಞಾ, ಈಗ ವಿಷಯಕ್ಕೆ ಬಂದಿ. ಕ್ಯಾಮೆರಾದ್ದು 50ಐ. ಒಂದು ಸಲ ಬೆಸ ಗೆರೆ, ಒಂದು ಸಲ ಸಮ ಗೆರೆ. ಅದನ್ನು ಹಾಗೆಯೇ ಕುಗ್ಗಿಸಿದ್ರೆ ಎರಡೂ ಒಂದರಲ್ಲೊಂದು ಕಲಸಿ ಹೋಗ್ತದೆ. ಮೊದಲು ಬಿಡಿಸ್ಬೇಕು, ಆಮೇಲೆ ಕುಗ್ಗಿಸ್ಬೇಕು, ಪುನಃ ಸರಿಯಾದ ಕ್ರಮದಲ್ಲಿ ಹೆಣೆಯಬೇಕು. ಮೇಲಿನ ಗೆರೆ ಮೊದಲೋ ಕೆಳಗಿನದ್ದು ಮೊದಲೋ ಅಂತ ತಪ್ಪಿದ್ರೆ ವೇಷ ಕುಣಿಯುದಲ್ಲ, ನಡುಗ್ತದೆ. ಕಂಪ್ಯೂಟರಿನಲ್ಲಿ ಅದು ಕಾಣುದೇ ಇಲ್ಲ, ಟ್ಯೂಬ್ ಟಿವಿಗೆ ಹಾಕಿದ ಮೇಲೆಯೇ ಗೊತ್ತಾಗುದು. ಮುಖ ಉದ್ದ ಆದದ್ದು ಅಗಲದ ಗುರುತು ಹಾಕದ್ದಕ್ಕೆ. 16:9 ಅಂತ ಡಿಸ್ಕಿನಲ್ಲಿ ಬರೆದಿದ್ರೆ ಪ್ಲೇಯರೇ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ತೋರಿಸ್ತದೆ. ನನ್ನ ಹತ್ರ ಆ ಮೂಲೆಯಲ್ಲಿ ಇನ್ನೂ ಒಂದು ಟ್ಯೂಬ್ ಟಿವಿ ಇರುದು ಅದಕ್ಕೇ.

ಹುಡುಗಿ: ನೋಡಿ, ನಾನು ಹತ್ತಿ ಬಂದದ್ದು ಆ ಟಿವಿಗೆ.

ಸ್ಟುಡಿಯೋದವರು: ಹೊಗಳಿ ಅಟ್ಟಕ್ಕೇರಿಸ್ಬೇಡ. ಈ ಆಟ ಯೂಟ್ಯೂಬಿನಲ್ಲಿ ನೇರ ಪ್ರಸಾರ ಆಗಿರ್ಬೇಕಲ್ವಾ? ಮೊಬೈಲು ಕೊಟ್ರೆ ಮುಗೀತು.

ಹುಡುಗಿ: ಆಗಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಇರುದಿಲ್ಲ ಅಂತ ನಿಮಗೂ ಗೊತ್ತುಂಟು. ಇದ್ರೂ ನಡುವೆ ಜಾಹೀರಾತು. ಚಂಡ ಮುಂಡರು ಬಂದು ನಿಂತಾಗ ಬನಿಯನ್ನಿನವ ಬರ್ತಾನೆ. ಅದಕ್ಕಿಂತ ಮುಖ್ಯ, ಅಜ್ಜಿ ಪ್ರತಿಸಲ ಯಾರನ್ನಾದ್ರೂ ಕರೀಬೇಕು. ಮಗನನ್ನು ಕರೀಬೇಕು, ಸೊಸೆಯನ್ನು ಕರೀಬೇಕು, ಅವರು ಆಮೇಲೆ ಹಾಕಿ ಕೊಡ್ತೇವೆ ಅಂತಾರೆ. ಪ್ಲೇಯರ್ ಆದ್ರೆ ತಾನೇ ಬಟನ್ ಒತ್ತಿ, ತಟ್ಟೆ ಹೊರಗೆ ಬಂದದ್ದಕ್ಕೆ ಇಟ್ಟು, ಒಳಗೆ ತಳ್ಳಿ ಕೂತ್ಕೊಳ್ತಾರೆ. ನಡುವೆ ಊಟಕ್ಕೆ ಎದ್ರೆ ಸ್ಟಾಪ್ ಒಂದು ಸಲ ಒತ್ತುದು. ಪುನಃ ಪ್ಲೇ ಒತ್ತಿದ್ರೆ ಬಿಟ್ಟಲ್ಲಿಂದ ಶುರು. ಯಾರೂ ಕಲಿಸ್ಲಿಲ್ಲ, ತಾನೇ ಕಲ್ತದ್ದು. ಆ ಮನೆಯಲ್ಲಿ ಅವರು ಇನ್ನೊಬ್ಬರನ್ನು ಕೇಳದೆ ನಡೆಸುವ ಯಂತ್ರ ಅಂದ್ರೆ ಅದೊಂದೇ.

ಸ್ಟುಡಿಯೋದವರು: ಅದು ನಿಲ್ಲುವ ದಿನ? ಲೇಸರಿನ ಕಣ್ಣು ಮಂಕಾಗ್ತದೆ, ಬೆಲ್ಟ್ ಸಡಿಲ ಆಗ್ತದೆ. ರಿಪೇರಿ ಮಾಡುವವರು ಈ ಪೇಟೆಯಲ್ಲಿ ಯಾರೂ ಉಳಿದಿಲ್ಲ. ಒಬ್ಬ ಇದ್ದ, ಈಗ ಮೊಬೈಲಿನ ಗಾಜು ಹಾಕ್ತಾನೆ. ಆವಾಗ ಅಜ್ಜಿ ನಿನ್ನನ್ನು ಕರೆಯುದಿಲ್ಲ, ನೀನು ಬೆಂಗಳೂರಿನಲ್ಲಿರ್ತಿ. ನನಗೆ ಫೋನ್ ಮಾಡ್ತಾರೆ. ಅಣ್ಣಾ, ಡಿಸ್ಕ್ ತಿರುಗುದಿಲ್ಲ ಅಂತ. ಸ್ಕೂಟರ್ ಹತ್ತಿ ಹೋಗುದು ನಾನು. ಯಾರನ್ನೂ ಕೇಳದೆ ಅಂತ ನೀನು ಹೇಳುದುಂಟಲ್ಲ, ಆ ಲೆಕ್ಕದಲ್ಲಿ ನನ್ನ ಪೆಟ್ರೋಲ್ ಬರುದಿಲ್ಲ. ಅದರ ಬದಲು ಪೆನ್‌ಡ್ರೈವಿನಿಂದ ಎಂಪಿ4 ನೇರ ಓದುವ ಒಂದು ಸಣ್ಣ ಟಿವಿ ತಂದು ಕೊಡು. ಇಡೀ ಐದೂ ಪಾಲು ಕಾಣ್ತದೆ.

ಹುಡುಗಿ: ತಂದು ಇಟ್ಟಾಗಿದೆ, ಎದುರಿನ ಕೋಣೆಯಲ್ಲಿ. ಅದರ ರಿಮೋಟಿನ ಹೋಮ್ ಬಟನ್ ಅಪ್ಪಿತಪ್ಪಿ ಒತ್ತಿದ್ರೆ ಸಿನಿಮಾದ ಅಂಗಡಿ ತೆರೀತದೆ. ಅಲ್ಲಿಂದ ಹಿಂದೆ ಬರ್ಲಿಕ್ಕೆ ನನಗೇ ಗೊತ್ತಾಗುದಿಲ್ಲ.

ಸ್ಟುಡಿಯೋದವರು: ಆಯ್ತು, ನೋಡ್ಲಿಕ್ಕೆ ಡಿಸ್ಕ್ ಅಂತ ಒಪ್ಪುವ. ಆದ್ರೆ ಜನ ಡಿಸ್ಕ್ ಮಾಡಿಸುದು ನೋಡ್ಲಿಕ್ಕೆ ಅಲ್ಲ ಮಾರಾಯ್ತಿ, ಇಡ್ಲಿಕ್ಕೆ. ಅದು ನನಗೆ ತಲೆಬಿಸಿ. ಗೋದ್ರೆಜಿನ ಒಳಗೆ ಸೀರೆಯ ಅಡಿಯಲ್ಲಿಟ್ಟು, ಹದಿನೈದು ವರ್ಷ ಆದ ಮೇಲೆ ಮಗಳ ಮದುವೆ ಬಂದಾಗ ಹೊರಗೆ ತೆಗೀತಾರೆ. ರೈಟ್ ಮಾಡಿದ ಡಿಸ್ಕಿನೊಳಗೆ ಇರುದು ಒಂದು ಬಣ್ಣದ ಪದರ. ಲೇಸರ್ ಅದನ್ನು ಸುಟ್ಟು ಗುರುತು ಮಾಡ್ತದೆ. ಬಿಸಿಲಿಗೆ, ಸೆಖೆಗೆ, ನಮ್ಮ ಊರಿನ ಥಂಡಿಗೆ ಆ ಬಣ್ಣ ನಿಧಾನ ಮಾಸ್ತದೆ. ಮೇಲಿಂದ ಬೂಸ್ಟು ಹಿಡೀತದೆ. ಅವರು ಅದನ್ನು ಲುಂಗಿಯಲ್ಲಿ ಗುಂಡಗೆ ಉಜ್ಜಿ, ಓದುದೇ ಇಲ್ಲ ಅಂತ ತರ್ತಾರೆ. ಒರೆಸುದಾದ್ರೆ ನಡುವಿನಿಂದ ಅಂಚಿಗೆ ನೇರ ಒರೆಸ್ಬೇಕು. ಗುಂಡಗೆ ಗೀರು ಬಿದ್ರೆ ಒಂದೇ ಕಡೆಯ ದತ್ತಾಂಶ ಉದ್ದಕ್ಕೆ ಹೋಗ್ತದೆ, ಅದನ್ನು ಪ್ಲೇಯರ್ ಸರಿಪಡಿಸ್ಲಿಕ್ಕೆ ಆಗುದಿಲ್ಲ.

ಹುಡುಗಿ: ಪೆನ್‌ಡ್ರೈವ್ ಇಡ್ಲಿಕ್ಕೆ ಒಳ್ಳೇದಾ? ಅದರೊಳಗಿನದ್ದು ವಿದ್ಯುತ್ ಚಾರ್ಜು. ವರ್ಷಗಟ್ಟಲೆ ಕರೆಂಟ್ ತಾಗಿಸದೆ ಇಟ್ರೆ ಸೋರಿ ಹೋಗ್ತದೆ. ಅಷ್ಟು ಕಾಯ್ಬೇಕಾಗಿಯೂ ಇಲ್ಲ. ನನ್ನ ತಮ್ಮನಿಗೆ ಕಾರಿನಲ್ಲಿ ಹಾಡು ಬೇಕಾದ ದಿನ ಅದು ಖಾಲಿ. ಡಿಸ್ಕಿನ ಮೇಲೆ ಯಾರೂ ಹಾಡು ತುಂಬಿಸ್ಲಿಕ್ಕೆ ಆಗುದಿಲ್ಲ. ಒಂದು ಸಲ ಬರೆದು ಮುಚ್ಚಿದ್ರೆ ಮುಚ್ಚಿತು.

ಸ್ಟುಡಿಯೋದವರು: ಆಕಾಶದಲ್ಲಿ ಇಡು. ನಿಮ್ಮದೆಲ್ಲ ಅಲ್ಲೇ ಅಲ್ವಾ ಇರುದು?

ಹುಡುಗಿ: ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದ್ರೂ ಹಾಕಿ ಅಂದಿದ್ರು. 2021ರ ಜೂನ್ 1ರಿಂದ ಅದು ನಿಂತಿತು. ಪುಕ್ಕಟೆ ಈಗ 15 ಜಿಬಿ. ನಮ್ಮ ಆಟಕ್ಕೆ ಮಧು ಕೈಟಭರು ಬರುವಷ್ಟರಲ್ಲಿ ಅದು ಮುಗೀತದೆ.

ಸ್ಟುಡಿಯೋದವರು: ದುಡ್ಡು ಕೊಟ್ರೆ ಕೊಡ್ತಾರೆ.

ಹುಡುಗಿ: ಕೊಡುವ ವರೆಗೆ ಕೊಡ್ತಾರೆ. ನಾನು ಇಡುದು ಈ ಮೂಲ ಫೈಲನ್ನು ಮಾವ, 86 ಜಿಬಿಯನ್ನು ಹಾಗೆಯೇ. ಒಂದು ಹಾರ್ಡ್‌ಡಿಸ್ಕ್ ನನ್ನ ಹತ್ರ, ಇನ್ನೊಂದು ಚಿಕ್ಕಪ್ಪನ ಹತ್ರ. ಡಿಸ್ಕ್ ಕಳೆದುಹೋಗ್ಲಿ, ಗೀರು ಬೀಳ್ಲಿ, ಪುನಃ ಮಾಡಿಸುವ.

ಸ್ಟುಡಿಯೋದವರು: ಎಲ್ಲರೂ ಹೀಗೆ ಹೇಳಿ ಹೋದವರೇ. ಐದು ವರ್ಷ ಬಿಟ್ಟು ಬಂದು, ನಿಮ್ಮ ಹತ್ರ ಒಂದು ಕಾಪಿ ಇರ್ಬಹುದಾ ಅಂತ ಕೇಳ್ತಾರೆ. ಹಾರ್ಡ್‌ಡಿಸ್ಕ್ ಕೆಳಗೆ ಬಿತ್ತು, ಅಥವಾ ಪಾಸ್‌ವರ್ಡ್ ಗೊತ್ತಿದ್ದವರು ತೀರಿಹೋದ್ರು. ಡಿಸ್ಕಿಗೆ ಪಾಸ್‌ವರ್ಡ್ ಇಲ್ಲ, ಅದು ಅದರ ಪುಣ್ಯ.

ಹುಡುಗಿ: ಈಗ ನೀವು ನನ್ನ ಪಕ್ಷಕ್ಕೆ ಬಂದಿರಿ.

ಸ್ಟುಡಿಯೋದವರು: ಬಂದಿಲ್ಲ. ಎರಡೂ ಸಾಯ್ತದೆ ಅಂತ ಹೇಳಿದ್ದು.

ಇಲ್ಲಿ ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ದಿಕ್ಕಿನಿಂದ ಹೇಳುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ. ಫೈಲು ಯಾರಿಗೂ ಸೇರಿದ್ದಲ್ಲ. ಎಲ್ಲ ಯಂತ್ರಕ್ಕೂ, ಎಲ್ಲ ಕಾಲಕ್ಕೂ ಆದೀತು ಎಂಬ ನಂಬಿಕೆಯಲ್ಲಿ ಅದು ಕೂತಿರುತ್ತದೆ. ಡಿಸ್ಕ್ ಒಬ್ಬರಿಗೆಂದೇ ಆಗುವುದು. ಯಾವ ಟಿವಿ, ಯಾವ ಪ್ಲೇಯರ್, ನೋಡುವವರ ಕಣ್ಣು ಎಷ್ಟು ಮಂಜು, ಎಷ್ಟು ಹೊತ್ತು ಕೂರಬಲ್ಲರು ಎಂದು ತಿಳಿದ ಮೇಲೆಯೇ ಅದನ್ನು ಮಾಡಬೇಕು. ಏನನ್ನು ಬಿಡುವುದು ಎಂದು ಆಗ ಯಾರಾದರೂ ಕೂತು ತೀರ್ಮಾನಿಸಬೇಕಾಗುತ್ತದೆ. ಆ ಕೂತವರಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದು ಸ್ಟುಡಿಯೋದವರ ಪ್ರಶ್ನೆ, ಮತ್ತು ಅದು ಸಣ್ಣ ಪ್ರಶ್ನೆಯಲ್ಲ.

ಸ್ಟುಡಿಯೋದವರು: ಎಷ್ಟು ಸೆಟ್ ಬೇಕು?

ಹುಡುಗಿ: ಅಜ್ಜಿಗೆ ಒಂದು. ದೊಡ್ಡಮ್ಮ, ಚಿಕ್ಕಮ್ಮ, ಮುಂಬಯಿಯ ಅತ್ತೆ... ಹತ್ತು ಮಾಡಿ.

ಸ್ಟುಡಿಯೋದವರು: ಹತ್ತು ಯಾಕೆ? ಮನೆಯಲ್ಲಿ ನೋಡ್ಲಿಕ್ಕೆ ರೆಕಾರ್ಡ್ ಮಾಡಿಟ್ಟುಕೊಂಡ್ರೆ ಯಾರದೂ ತಕರಾರಿಲ್ಲ. ಹತ್ತು ಇಪ್ಪತ್ತಾಗ್ತದೆ, ಯಾರೋ ಒಬ್ಬ ಜಾತ್ರೆಯಲ್ಲಿ ಮಾರ್ತಾನೆ. ಹಾಗೆ ಮಾರಿದ ಡಿಸ್ಕಿನಿಂದ ಭಾಗವತರಿಗೆ, ವೇಷಧಾರಿಗಳಿಗೆ ಒಂದು ಕಾಸು ಹೋದದ್ದಿಲ್ಲ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಉಂಟು ಅಂತ 1994ರಲ್ಲಿಯೇ ಕಾನೂನಿಗೆ ಸೇರಿಸಿದ್ದಾರೆ. ಆ ಹರಕೆಯ ಆಟದ ಕಲಾವಿದರು ನನಗೆ ಗುರುತಿನವರು. ಬಣ್ಣ ಹಚ್ಚುವ ಚೌಕಿಗೆ ಹೋದ್ರೆ ಚಾ ಕೊಡ್ತಾರೆ. ಅವರ ಮುಖ ನೋಡ್ಬೇಕು ನಾನು.

ಹುಡುಗಿ: ಯೂಟ್ಯೂಬಿನಲ್ಲಿ ಲಕ್ಷ ಜನ ನೋಡುವಾಗ ಆ ಮುಖ ಎಲ್ಲಿ ಹೋಗ್ತದೆ?

ಸ್ಟುಡಿಯೋದವರು: ಅದನ್ನು ನಾನು ಮಾಡಿದ್ದಲ್ಲ. ಮೂರು ಸೆಟ್ ಮಾಡ್ತೇನೆ.

ಹುಡುಗಿ: ನಾಲ್ಕು.

ಸ್ಟುಡಿಯೋದವರು: ಮೂರು. ಬೇಕಾದವರು ಅಜ್ಜಿಯ ಮನೆಗೆ ಬಂದು ನೋಡ್ಲಿ. ಈಗ ಫೈಲ್ ತೆರಿ. ಈ ಸಣ್ಣ ಸಣ್ಣದ್ದೆಲ್ಲ ಎಂತ?

ಹುಡುಗಿ: ತಮ್ಮಂದಿರು ಮೊಬೈಲಿನಲ್ಲಿ ತೆಗೆದದ್ದು. ಮಹಿಷಾಸುರ ಬರುದು. ನಿಮಗೆ ಗೊತ್ತುಂಟಲ್ಲ, ಅವ ರಂಗಸ್ಥಳದ ಹಿಂದಿನಿಂದ ಬರುದಿಲ್ಲ. ಗದ್ದೆಯ ಆಚೆಯಿಂದ ದೊಂದಿ ಹಿಡ್ಕೊಂಡು ಜನರ ನಡುವೆ ಬರ್ತಾನೆ. ಕ್ಯಾಮೆರಾದವರು ರಂಗಸ್ಥಳಕ್ಕೇ ಫಿಕ್ಸ್ ಮಾಡಿಟ್ಟಿದ್ರು, ಅವರಿಗೆ ಸಿಕ್ಕಿದ್ದು ಬೆನ್ನು ಮಾತ್ರ. ಇದರಲ್ಲಿ ಮುಖ ಉಂಟು. ಪಕ್ಕದ ಕುರ್ಚಿಯಲ್ಲಿ ಅಜ್ಜಿಯೂ ಇದ್ದಾರೆ, ಸೆರಗು ಎಳೆದುಕೊಳ್ತಾ.

ಸ್ಟುಡಿಯೋದವರು: ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದಿದ್ದಾನೆ! ಎರಡು ಬದಿ ಕಪ್ಪು, ನಡುವೆ ಒಂದು ಸೀಳು. ಇದನ್ನು ನಾನು ಹಾಕುದಿಲ್ಲ.

ಹುಡುಗಿ: ಹಾಕ್ಬೇಕು.

ಸ್ಟುಡಿಯೋದವರು: ಇದರ ಕತೆ ಬೇರೆ. ಮೊಬೈಲಿನದ್ದು ಸೆಕೆಂಡಿಗೆ 30 ಚಿತ್ರ, ಅದೂ ಒಮ್ಮೆ 30, ಒಮ್ಮೆ 28, ಬೆಳಕು ಕಡಿಮೆ ಆದ್ರೆ ಇನ್ನೂ ಇಳೀತದೆ. ನಮ್ಮ ಡಿಸ್ಕಿನದ್ದು ಸರೀ 25. ಹಾಗೆಯೇ ತಂದು ಸೇರಿಸಿದ್ರೆ ಸ್ವರ ಜಾರ್ತದೆ. ಕೋಲು ಬಿದ್ದ ಮೇಲೆ ಚೆಂಡೆ ಕೇಳ್ತದೆ. ಆಟ ನೋಡಿ ಬೆಳೆದ ಕಿವಿಗೆ ಅದಕ್ಕಿಂತ ಹಿಂಸೆ ಬೇರೆ ಇಲ್ಲ.

ಹುಡುಗಿ: ಮೊದಲು ಇಡೀ ಕ್ಲಿಪ್ಪನ್ನು ಒಂದೇ ವೇಗಕ್ಕೆ ತಂದು, ಸ್ವರವನ್ನು ದೊಡ್ಡ ಕ್ಯಾಮೆರಾದ್ದೇ ಹಾಕಿದ್ರೆ? ಚೆಂಡೆ ಎರಡರಲ್ಲಿಯೂ ಉಂಟು, ಒಂದು ಪೆಟ್ಟಿಗೆ ಒಂದು ಪೆಟ್ಟು ಹೊಂದಿಸ್ಬಹುದು.

ಸ್ಟುಡಿಯೋದವರು: ಹೊಂದಿಸ್ಬಹುದು. ಅರ್ಧ ದಿನ ಹೋಗ್ತದೆ. ಒಂದು ಡಿಸ್ಕಿಗೆ ಇಷ್ಟು ಅಂತ ಹಣ ತೆಗೊಳ್ಳುವವನಿಗೆ ಅರ್ಧ ದಿನ ಎಲ್ಲಿಂದ ಬರ್ತದೆ? ಜನಕ್ಕೆ ಕಾಣುದು ತಟ್ಟೆಯ ಬೆಲೆ.

ಹುಡುಗಿ: ಅರ್ಧ ದಿನದ್ದನ್ನು ಬೇರೆಯೇ ಬರೆಯಿರಿ. ಚೌಕಾಸಿ ಮಾಡುದಿಲ್ಲ.

ಸ್ಟುಡಿಯೋದವರು: ಅಷ್ಟು ಸುಲಭಕ್ಕೆ ಒಪ್ಪಿದ್ರೆ ನನಗೆ ಹೆದರಿಕೆ ಆಗ್ತದೆ. ಸರಿ, ಎಲ್ಲಿ ತುಂಡು ಮಾಡುದು ಹೇಳು. ಎಂಟು ಗಂಟೆಗೆ ನಾಲ್ಕು ಡಿಸ್ಕ್. ಮೊದಲನೆಯದ್ದು ಪೂರ್ವರಂಗದಿಂದ ಮಧು ಕೈಟಭರ ವಧೆ ತನಕ. ಕೊನೆಯದ್ದು ಶುಂಭ ನಿಶುಂಭ, ರಕ್ತಬೀಜ, ಬೆಳಗಾಗುದು. ನಡುವಿನದ್ದೇ ತೊಂದರೆ.

ಹುಡುಗಿ: ಎರಡನೆಯದ್ದರಲ್ಲಿ ಮಾಲಿನಿಯ ಕತೆಯಿಂದ ಶುರುವಾಗಿ ಮಹಿಷಾಸುರ ಬಂದು ರಂಗಸ್ಥಳ ಹತ್ತುವ ವರೆಗೆ. ಅಜ್ಜಿ ಒಂದು ಕೂತಿಗೆ ಒಂದು ಡಿಸ್ಕ್ ನೋಡುದು. ಅವ ಬಂದದ್ದನ್ನು ನೋಡಿ ಮಲಗ್ಲಿ.

ಸ್ಟುಡಿಯೋದವರು: ಅದು ಎರಡು ಗಂಟೆ ಇಪ್ಪತ್ತು ನಿಮಿಷ ಆಗ್ತದೆ. ಬಿಟ್‌ರೇಟ್ ನಾಲ್ಕೂವರೆಗೆ ಇಳೀತದೆ. ಇಡೀ ರಾತ್ರಿಯಲ್ಲಿ ಅತಿ ಹೆಚ್ಚು ಬೇಕಾದದ್ದು ಎಲ್ಲಿಗೆ? ದೊಂದಿಗೆ, ರಾಳಕ್ಕೆ, ಹೊಗೆಗೆ. ಅಲ್ಲಿಗೇ ನೀನು ಕಡಿಮೆ ಕೊಡ್ತಿ. ಮೇಲಿಂದ ಅದು ಡಿಸ್ಕಿನ ಕೊನೆ, ಅಂದ್ರೆ ಹೊರಗಿನ ಅಂಚು. ಬೆರಳು ತಾಗುದು ಅಲ್ಲಿಗೆ, ಗೀರು ಬೀಳುದು ಅಲ್ಲಿಗೆ, ಹಳೇ ಪ್ಲೇಯರ್ ತಡವರಿಸುದೂ ಅಲ್ಲೇ. ಅವನನ್ನು ಮೂರನೆಯದ್ದರ ಮೊದಲಿಗೆ ಹಾಕು. ಒಳಗಿನ ಸುತ್ತಿನಲ್ಲಿ ಭದ್ರವಾಗಿರ್ತಾನೆ.

ಹುಡುಗಿ: ಆಗ ಮೂರನೆಯದ್ದು ಉದ್ದ ಆಗುದಿಲ್ವಾ? ಪ್ರವೇಶ, ದೇವಿಯ ಜೊತೆ ಸಂವಾದ, ಯುದ್ಧ, ವಧೆ, ಎಲ್ಲ ಅದರಲ್ಲೇ.

ಸ್ಟುಡಿಯೋದವರು: ಆಗ್ತದೆ. ಸಂವಾದ ಸ್ವಲ್ಪ ಕತ್ತರಿಸುವ.

ಹುಡುಗಿ: ಅರ್ಥಗಾರಿಕೆ ಕತ್ತರಿಸಿದ್ರೆ ಅಜ್ಜಿಗೆ ಗೊತ್ತಾಗ್ತದೆ. ಪದ್ಯದ ನಂತರ ಎಷ್ಟು ಮಾತು ಅಂತ ಅವರಿಗೆ ಬಾಯಿಪಾಠ.

ಸ್ಟುಡಿಯೋದವರು: ಹಾಗಾದ್ರೆ ಐದು ಡಿಸ್ಕ್. ಒಂದಕ್ಕೆ ಒಂದೂವರೆ ಗಂಟೆಯ ಚಿಲ್ಲರೆ, ಬಿಟ್‌ರೇಟ್ ಆರೂವರೆ ತನಕ ಹೋಗ್ತದೆ. ಮಹಿಷಾಸುರನಿಗೆ ಒಂದು ಪೂರ್ತಿ ಡಿಸ್ಕ್.

ಹುಡುಗಿ: ಐದು ಸಲ ಎದ್ದು ಬದಲಿಸ್ಬೇಕು ಅವರು. ಮೊಣಕಾಲು ನೋವು ಬೇರೆ.

ಸ್ಟುಡಿಯೋದವರು: ಆಟದಲ್ಲಿ ರಾತ್ರಿ ಇಡೀ ಕುರ್ಚಿಯಲ್ಲಿ ಕೂತವರಿಗೆ ಐದು ಸಲ ಏಳುದು ಒಳ್ಳೇದೇ.

ಹುಡುಗಿ: ಅದು ನೀವು ಹೇಳುದು. ನಾಲ್ಕೇ ಮಾಡಿ, ಮಹಿಷಾಸುರ ಎರಡನೆಯದ್ದರ ಕೊನೆಗೆ.

ಸ್ಟುಡಿಯೋದವರು: ಎರಡು ರೀತಿಯಲ್ಲಿಯೂ ಒಂದೊಂದು ಮಾಡ್ತೇನೆ. ಇಲ್ಲಿ ಟ್ಯೂಬ್ ಟಿವಿಯಲ್ಲಿ ಹಾಕಿ ಅಜ್ಜಿಯನ್ನೇ ಕರ್ಕೊಂಡು ಬಾ.

ಹುಡುಗಿ: ಮೆಟ್ಟಿಲು ಹತ್ತುದಿಲ್ಲ ಅವರು.

ಸ್ಟುಡಿಯೋದವರು: ಹಾಗಾದ್ರೆ ಟಿವಿಯ ಇನ್ನೊಂದು ಬದಿ ನೀನು ಹಿಡೀಬೇಕು. ಭಾರ ಉಂಟು ಮಾರಾಯ್ತಿ, ಈಗಲೇ ಹೇಳ್ತೇನೆ.